ಇಷ್ಟು ಓದಿಸಿದ್ದು ಕಾಲು ತೊಳೆಯೋದಕ್ಕಾ?

ಹಾಸನದ ತಾಯಿಯೊಬ್ಬರ ಪತ್ರ: ‘ಮಗಳು ಬಿ.ಎಸ್ಸಿ. ನರ್ಸಿಂಗ್ ಮಾಡಿ ಅಮೆರಿಕದ ಬಾಸ್ಟನ್‌ನ ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿದ್ದಳು. ಈಗ ಅದನ್ನು ಬಿಟ್ಟು, ಮನೆಯಿಲ್ಲದವರು ತಂಗುವ ಶೆಲ್ಟರಿನ ಕ್ಲಿನಿಕ್ ಸೇರಿದ್ದಾಳೆ. ಅಲ್ಲಿಗೆ ಬರೋರು ಹೆಚ್ಚಾಗಿ ಮಾಜಿ ಸೈನಿಕರು. ಅವರ ಕಾಲು ತೊಳೀತಾಳಂತೆ! ಸಾಲ ಮಾಡಿ ಓದಿಸಿದ್ದು ಇದಕ್ಕಾ? ಅಷ್ಟು ದುಡ್ಡಿರೋ ದೇಶ ತನ್ನ ಸೈನಿಕರನ್ನ ಯಾಕೆ ಬೀದೀಲಿ ಬಿಟ್ಟಿದೆ? ವಾಪಸ್ ಆಸ್ಪತ್ರೆಗೆ ಹೋಗು ಅಂತ ಹೇಳಲಾ?’

ತಾಯಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ಹಾಗೆ ಹೇಳಬೇಡಿ.

ನಿಮ್ಮ ಸಂಕಟ ಅರ್ಥವಾಗುತ್ತದೆ. ನಮ್ಮಲ್ಲಿ ಹಿರಿಯರ ಕಾಲು ತೊಳೆಯುವುದು ಬೇರೆ, ಗುರುತಿಲ್ಲದ ಗಂಡಸರ ಕಾಲು ಮುಟ್ಟುವುದು ಬೇರೆ. ಆದರೆ ನಿಮ್ಮ ಮಗಳು ಮಾಡುತ್ತಿರುವ ಕೆಲಸಕ್ಕೆ ಅದೇ ಊರಿನಲ್ಲಿ ದೊಡ್ಡ ಪರಂಪರೆಯೇ ಇದೆ. 1985ರಲ್ಲಿ ಜಿಮ್ ಓಕಾನೆಲ್ ಎಂಬ ಡಾಕ್ಟರು ಹಾರ್ವರ್ಡ್‌ನಲ್ಲಿ ಓದಿ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ, ಬಾಸ್ಟನ್‌ನ ಪೈನ್ ಸ್ಟ್ರೀಟ್ ಇನ್ ಶೆಲ್ಟರಿಗೆ ಬಂದರು. ಅಲ್ಲಿನ ಕ್ಲಿನಿಕ್ ನಡೆಸುತ್ತಿದ್ದವರು ನರ್ಸ್‌ಗಳು. ಅವರಲ್ಲಿ ಬಾರ್ಬರಾ ಮೆಕಿನ್ನಿಸ್ ಎಂಬವರು ಈ ಹೊಸ ಡಾಕ್ಟರ ಸ್ಟೆತಸ್ಕೋಪ್ ಪಕ್ಕಕ್ಕಿಡಿಸಿದರು. ಮೊದಲು ಜನರ ಕಾಲು ತೊಳೆಯಿರಿ, ವೈದ್ಯ ಆಮೇಲೆ ಅಂದರು. ಡಾಕ್ಟರು ವಾರಗಟ್ಟಲೆ ಅದನ್ನೇ ಮಾಡಿದರು.

ಕಾಲೇ ಯಾಕೆ? ಬೀದಿಯಲ್ಲಿ ಬದುಕುವವರು ದಿನವಿಡೀ ನಡೆಯುತ್ತಾರೆ ಇಲ್ಲವೇ ನಿಂತಿರುತ್ತಾರೆ. ಕದ್ದಾರು ಅಂತ ರಾತ್ರಿ ಶೂ ಬಿಚ್ಚುವುದಿಲ್ಲ. ಮಳೆ, ಹಿಮದಲ್ಲಿ ನೆನೆದ ಸಾಕ್ಸ್ ಕಾಲಲ್ಲೇ ಇರುತ್ತದೆ. ಚರ್ಮ ಬೆಳ್ಳಗೆ ನೆನೆದು ಸುಲಿಯುತ್ತದೆ. ಸಕ್ಕರೆ ಕಾಯಿಲೆ ಇದ್ದು ಪಾದ ಮರಗಟ್ಟಿದ್ದರೆ ಗಾಯ ಆದದ್ದೇ ಗೊತ್ತಾಗದು, ಕಡೆಗೆ ಬೆರಳೋ ಕಾಲೋ ಕತ್ತರಿಸಬೇಕಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕೆಸರು ತುಂಬಿದ ಕಂದಕಗಳಲ್ಲಿ ನಿಂತ ಸೈನಿಕರಿಗೆ ಹೀಗೇ ಆಗುತ್ತಿತ್ತು. ಟ್ರೆಂಚ್ ಫೂಟ್ ಎಂಬ ಹೆಸರು ಬಂದದ್ದು ಅಲ್ಲಿಂದ. ಆ ಕಾಯಿಲೆ ಇವತ್ತು ಮಾಜಿ ಸೈನಿಕನಿಗೆ ಅಮೆರಿಕದ ಫುಟ್‌ಪಾತ್ ಮೇಲೆ ಬರುತ್ತಿದೆ ಅನ್ನುವುದು ನನಗೆ ಸಹಿಸಲಾಗದ ಸಂಗತಿ.

ಇನ್ನೊಂದು ಕಾರಣವೂ ಇದೆ. ಬೆಚ್ಚನೆ ನೀರಿನ ಟಬ್‌ನಲ್ಲಿ ಕಾಲಿಟ್ಟವನು ಸ್ವಲ್ಪ ಹೊತ್ತು ಕೂರಲೇಬೇಕು. ಅವನು ಮೇಲೆ ಕುರ್ಚಿಯಲ್ಲಿ, ನರ್ಸ್ ಕೆಳಗೆ. ಫೈಲ್ ಇಲ್ಲ, ಫಾರಂ ಇಲ್ಲ. ಆಸ್ಪತ್ರೆಯ ಹೆಸರೆತ್ತಿದರೆ ಎದ್ದು ಹೋಗುವ ಮನುಷ್ಯ ಇಲ್ಲಿ ಸುಮ್ನೆ ಕೂತಿರುತ್ತಾನೆ. ಒಂದು ದಿನ ತಾನಾಗಿಯೇ ‘ರಾತ್ರಿ ನಿದ್ದೆ ಬರಲ್ಲ’ ಅನ್ನುತ್ತಾನೆ. ಚಿಕಿತ್ಸೆ ಶುರುವಾಗುವುದೇ ಆಗ. ಅಲ್ಲಿಯವರೆಗೆ ಕಾಯುವುದು ನಿಮ್ಮ ಮಗಳ ಕೆಲಸದ ಅತಿ ಕಷ್ಟದ ಭಾಗ.

ಓದು ವ್ಯರ್ಥವಾಯಿತು ಅಂದುಕೊಳ್ಳಬೇಡಿ. ಐಸಿಯುನಲ್ಲಿ ಮಾನಿಟರ್ ಇರುತ್ತದೆ, ಡಾಕ್ಟರು ಕೂಗಳತೆಯಲ್ಲಿರುತ್ತಾರೆ. ಇಲ್ಲಿ ಫ್ರಿಜ್ ಇಲ್ಲದವನ ಇನ್ಸುಲಿನ್ ಕೆಡದಂತೆ ನೋಡಬೇಕು. ಕಾಲು ಊದಿದವನಿಗೆ ನೀರಿಳಿಸುವ ಮಾತ್ರೆ ಕೊಟ್ಟರೆ ಅವನು ನುಂಗುವುದಿಲ್ಲ, ಯಾಕೆಂದರೆ ಪದೇ ಪದೇ ಹೋಗಲು ಟಾಯ್ಲೆಟ್ ಎಲ್ಲಿದೆ? ಇದನ್ನೆಲ್ಲ ಯೋಚಿಸುವ ನರ್ಸ್‌ಗೆ ಜಾಸ್ತಿ ಓದು ಬೇಕು, ಕಮ್ಮಿ ಅಲ್ಲ.

ಸೈನಿಕರು ಬೀದಿಗೆ ಬಂದದ್ದು ಹೇಗೆ ಅಂತ ಕೇಳಿದ್ದೀರಿ. ಯುದ್ಧದಿಂದ ಬಂದ ಬಹುಪಾಲು ಜನ ಸಂಸಾರ, ಕೆಲಸ ಅಂತ ನೆಲೆ ನಿಂತರು. ನಿಲ್ಲಲಾಗದವರೂ ಇದ್ದರು. ವಿಯೆಟ್ನಾಂನಿಂದ ಅಮೆರಿಕದ ಸೇನೆ ವಾಪಸಾದದ್ದು 1973ರಲ್ಲಿ. ಯುದ್ಧದ ಭೀತಿ ಮನಸ್ಸಿನಿಂದ ಇಳಿಯದ ಆ ಕಾಯಿಲೆಗೆ ಪಿಟಿಎಸ್‌ಡಿ ಎಂಬ ಹೆಸರು ಅಲ್ಲಿನ ಮನೋವೈದ್ಯರ ಅಧಿಕೃತ ಪಟ್ಟಿ ಸೇರಿದ್ದು 1980ರಲ್ಲಿ. ಅಷ್ಟರೊಳಗೆ ಎಷ್ಟೋ ಜನ ಕುಡಿತಕ್ಕೆ, ಡ್ರಗ್ಸ್‌ಗೆ ಬಿದ್ದಾಗಿತ್ತು. ಮನೆ ಬಾಡಿಗೆಯೂ ಏರುತ್ತಾ ಹೋಯಿತು. ಅಶಿಸ್ತಿನ ಕಾರಣ ಕೊಟ್ಟು ಸೇನೆ ಹೊರಗೆ ಕಳಿಸಿದವರಲ್ಲಿ ಹಲವರಿಗೆ ಮಾಜಿ ಸೈನಿಕರ ಆಸ್ಪತ್ರೆಯ ಬಾಗಿಲೂ ಸುಲಭಕ್ಕೆ ತೆರೆಯಲಿಲ್ಲ. ಆ ಅಶಿಸ್ತಿನ ಬೇರೇ ಎಷ್ಟೋ ಸಲ ಯುದ್ಧದ ಗಾಯವಾಗಿತ್ತು. ಇದು ಘೋರ ಅನ್ಯಾಯ.

ಹಾಗಂತ ಏನೂ ಆಗಿಲ್ಲವೆಂದಲ್ಲ. 2010ರಲ್ಲಿ ಒಂದು ರಾತ್ರಿಯ ಎಣಿಕೆಯಲ್ಲಿ ಅಲ್ಲಿ ಮನೆಯಿಲ್ಲದ ಮಾಜಿ ಸೈನಿಕರು 74 ಸಾವಿರದಷ್ಟಿದ್ದರು. 2024ರಲ್ಲಿ ಆ ಸಂಖ್ಯೆ 33 ಸಾವಿರದೊಳಗೆ ಇಳಿಯಿತು. ಸರ್ಕಾರ ಬಾಡಿಗೆಗೆ ನೆರವು ಕೊಟ್ಟು, ಆಮೇಲೂ ಅವರ ಬೆನ್ನಿಗೆ ನಿಲ್ಲಲು ಆರೋಗ್ಯ ಸಿಬ್ಬಂದಿಯನ್ನು ಕೊಟ್ಟಿತು. ಎರಡೂ ಬೇಕು. ರಾತ್ರಿ ಮತ್ತೆ ಫುಟ್‌ಪಾತ್‌ಗೇ ಹೋಗಿ ಮಲಗಿದರೆ ಬೆಳಿಗ್ಗೆ ಕಟ್ಟಿದ ಬ್ಯಾಂಡೇಜ್ ಎಷ್ಟು ಹೊತ್ತು ಉಳಿದೀತು? ಅದಕ್ಕೇ ನರ್ಸ್‌ಗಳನ್ನು ತ್ಯಾಗಮಯಿ, ದೇವತೆ ಅಂತ ಹೊಗಳಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ಒಳ್ಳೆಯ ಸಂಬಳ, ರಜೆ, ಜೊತೆಗೊಬ್ಬ ಸಹಾಯಕರು, ರೋಗಿಗೆ ಕೊಡಲು ಒಂದು ಮನೆಯ ಬೀಗದ ಕೈ ಬೇಕು. ಬಾಸ್ಟನ್ ಇದನ್ನು ಸ್ವಲ್ಪ ಮಟ್ಟಿಗೆ ಅರ್ಥ ಮಾಡಿಕೊಂಡಿದೆ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಆದ, ಆದರೆ ಬೀದಿಯಲ್ಲಿ ಮಲಗುವಷ್ಟು ಗಟ್ಟಿಯಾಗದ ರೋಗಿಗಳಿಗೆ ಅಲ್ಲೊಂದು ಆರೈಕೆ ಮನೆ ಇದೆ. ಅದರಲ್ಲಿ 104 ಹಾಸಿಗೆಗಳಿವೆ. ಅದಕ್ಕೆ ಇಟ್ಟಿರುವುದು ನರ್ಸ್ ಬಾರ್ಬರಾ ಮೆಕಿನ್ನಿಸ್ ಅವರ ಹೆಸರು.

ಮಗಳಿಗೆ ಫೋನ್ ಮಾಡಿದಾಗ ಅಮ್ಮನಾಗಿ ಕೇಳಬೇಕಾದದ್ದು ಬೇರೆ ಇದೆ. ಟಿಬಿ ಪರೀಕ್ಷೆ ಕಾಲಕಾಲಕ್ಕೆ ಮಾಡಿಸ್ತಿದ್ದೀಯಾ? ರಾತ್ರಿ ಡ್ಯೂಟಿ ಮುಗಿಸಿ ಬರೋವಾಗ ಜೊತೆಗೆ ಯಾರಿರ್ತಾರೆ? ತಿಂಗಳುಗಟ್ಟಲೆ ನೋಡಿಕೊಂಡವರು ಸತ್ತು ಹೋದಾಗ ಯಾರ ಹತ್ರ ಹೇಳ್ಕೋತೀಯ? ಇಂಥ ಕೆಲಸದಲ್ಲಿ ಸಾವು ಪದೇ ಪದೇ ಎದುರಾಗುತ್ತದೆ. ಅದನ್ನು ಕನ್ನಡದಲ್ಲಿ ಹೇಳಿಕೊಳ್ಳಲು ಅವಳಿಗೆ ಅಲ್ಲಿ ಎಷ್ಟು ಜನ ಸಿಕ್ಕಾರು?

ಡಿಸೆಂಬರಿನಲ್ಲಿ ಅವಳ ಹತ್ತಿರ ಹೋಗುತ್ತಿದ್ದೇನೆ ಅಂತಲೂ ಬರೆದಿದ್ದೀರಿ. ಚಕ್ಕುಲಿ, ಚಟ್ನಿಪುಡಿ ಹೇಗೂ ಹೋಗುತ್ತವೆ. ಸೂಟ್‌ಕೇಸಿನಲ್ಲಿ ಜಾಗ ಮಿಕ್ಕರೆ ಗಂಡಸರ ದಪ್ಪ ಉಣ್ಣೆ ಸಾಕ್ಸ್ ಇಡಿ. ದೊಡ್ಡ ಸೈಜೇ ಇರಲಿ, ಊದಿದ ಕಾಲಿಗೆ ಚಿಕ್ಕವು ಹೋಗುವುದಿಲ್ಲ.