ಆಶಾ ಕಾರ್ಯಕರ್ತೆಯ ಮನೆಯಲ್ಲಿ ಡಿ ಕೆಟಗರಿ

2021ರ ಜುಲೈ ತಿಂಗಳು, ಕೋವಿಡ್ ಎರಡನೇ ಅಲೆಯ ಕಾಲ. ಕಾಸರಗೋಡಿನ ಉತ್ತರ ಭಾಗದ ಒಂದು ಪಂಚಾಯತಿನಿಂದ ಆಶಾ ಕಾರ್ಯಕರ್ತೆಯೊಬ್ಬರು ಆಪ್ತಸಲಹೆಗಾರ್ತಿಯಾದ ನನಗೆ ಫೋನ್ ಮಾಡಿದ್ದರು. ಅವರನ್ನು ಸುಜಾತ ಎನ್ನೋಣ, ಗಂಡನನ್ನು ರಮೇಶ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ.

"ನಿದ್ದೆ ಇಲ್ಲ ಮೇಡಂ. ಊಟ ಸೇರುವುದಿಲ್ಲ. ಬುಧವಾರ ಹತ್ತಿರ ಬಂದ ಹಾಗೆ ಕೈ ನಡುಗ್ತದೆ."

ಬುಧವಾರವೇ ಯಾಕೆ ಅಂತ ಕೇಳಿದೆ.

"ಅವತ್ತೇ ಅಲ್ವಾ ಕೆಟಗರಿ ಬರುವುದು!"

ಆಗ ಕೇರಳದಲ್ಲಿ ಯಾವ ಊರಿನ ಅಂಗಡಿ ತೆರೆಯಬೇಕು, ಯಾವುದು ಮುಚ್ಚಬೇಕು ಎಂಬುದು ಟಿಪಿಆರ್ ಮೇಲೆ ನಿಂತಿತ್ತು. ವಾರದಲ್ಲಿ ಪರೀಕ್ಷೆ ಮಾಡಿಸಿಕೊಂಡ ನೂರು ಜನರಲ್ಲಿ ಎಷ್ಟು ಮಂದಿಗೆ ಪಾಸಿಟಿವ್ ಬಂತು ಎಂಬ ಲೆಕ್ಕ ಅದು. ಆ ಜುಲೈನಲ್ಲಿ 5ರ ಒಳಗಿದ್ದರೆ ಎ, 10ರ ಒಳಗೆ ಬಿ, 15ರ ಒಳಗೆ ಸಿ, ಅದಕ್ಕೂ ಮೇಲಾದರೆ ಡಿ. ಡಿ ಅಂದರೆ ದಿನಸಿ, ಮದ್ದಿನ ಅಂಗಡಿಯಂಥವು ಬಿಟ್ಟು ಉಳಿದದ್ದಕ್ಕೆಲ್ಲ ಬೀಗ. ರಮೇಶರದ್ದು ಬಟ್ಟೆ ಅಂಗಡಿ. ಪಂಚಾಯತ್ ವಾರಗಟ್ಟಲೆ ಡಿಯಲ್ಲೇ ಇತ್ತು.

ಗಂಡ ಹೆಂಡತಿಗೆ ಜಗಳ ಶುರುವಾದದ್ದು ಅಲ್ಲಿಂದ. ಜ್ವರ ಬಂದವರ ಮನೆಗೆ ಹೋಗಿ ಹೆಸರು ಬರೆದು, ಪರೀಕ್ಷೆಗೆ ಕಳಿಸುವುದು ಸುಜಾತರ ಕೆಲಸ. ಆ ಹೆಸರುಗಳಿಂದಲೇ ತನ್ನ ಅಂಗಡಿಗೆ ಬೀಗ ಬೀಳುತ್ತಿದೆ ಅಂತ ಗಂಡನ ಲೆಕ್ಕ. ಒಂದು ರಾತ್ರಿ ಅವರು ಹೇಳಿದ ಮಾತನ್ನು ಸುಜಾತ ನನಗೆ ಎರಡು ಸಲ ಹೇಳಿದರು: "ನಿನಗೆ ಗೌರವಧನ ಬರ್ತದೆ, ಬೀಗ ಮಾತ್ರ ನನ್ನ ಅಂಗಡಿಗೆ." ಆ ಗೌರವಧನದಲ್ಲೇ ಆಗ ಮನೆ ನಡೆಯುತ್ತಿತ್ತು ಎಂಬುದು ಇಬ್ಬರಿಗೂ ಗೊತ್ತು. ಮಾತು ಅಷ್ಟು ಚುಚ್ಚಿದ್ದು ಅದಕ್ಕೇ.

ರಮೇಶ ಎರಡು ಕೆಲಸ ಹೇಳಿದ್ದರು. ಒಂದು, ಅಂಗಡಿಯವರು, ರಿಕ್ಷಾದವರು, ಹೀಗೆ ಗಟ್ಟಿಮುಟ್ಟಾಗಿರುವವರನ್ನೆಲ್ಲ ಪರೀಕ್ಷೆ ಕ್ಯಾಂಪಿಗೆ ಕರೆಸು. ಇನ್ನೊಂದು, ಸಣ್ಣ ಜ್ವರದವರಿಗೆ ಎರಡು ದಿನ ಸುಮ್ನೆ ಮನೆಯಲ್ಲಿರಲು ಹೇಳು, ಹೆಸರು ಬರೆಯಬೇಡ.

"ನೀವು ಎಂತ ಮಾಡಿದಿರಿ?" ಅಂತ ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಡೈರಿಯಲ್ಲಿ ಎರಡು ಹೆಸರು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಉಳಿದದ್ದೆಲ್ಲ ಪೆನ್ನಿನಲ್ಲಿ. ಅಳಿಸಿಯೂ ಇಲ್ಲ, ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಹೇಳಿಯೂ ಇಲ್ಲ. ಅವರಲ್ಲಿ ಒಬ್ಬರು ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಹೆಂಗಸು.

ಇಂಥ ಕಡೆ ಆಪ್ತಸಲಹೆಗಾರರು ಸಾಮಾನ್ಯವಾಗಿ ತೀರ್ಪು ಕೊಡುವುದಿಲ್ಲ. ನಿಮಗೆ ಏನನಿಸುತ್ತದೆ ಅಂತ ಕೇಳುತ್ತಾ ಹೋಗುತ್ತೇವೆ. ಆದರೆ ಇಲ್ಲಿ ಒಬ್ಬ ಮೂರನೆಯವರ ಜೀವದ ಪ್ರಶ್ನೆ ಇತ್ತು. ನೇರವಾಗಿಯೇ ಹೇಳಿದೆ: ಫೋನ್ ಇಟ್ಟ ಕೂಡಲೇ ಆ ಎರಡು ಹೆಸರು ಪಿಎಚ್‌ಸಿಗೆ ಹೋಗಬೇಕು. ಆ ಹೆಂಗಸಿನ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಿ, 94ಕ್ಕಿಂತ ಕೆಳಗಿದ್ದರೆ ಕಾಯಬೇಡಿ. ಎರಡನೇ ಅಲೆಯಲ್ಲಿ ಉಸಿರಾಟದ ಕಷ್ಟ ಗೊತ್ತೇ ಆಗದೆ ಆಮ್ಲಜನಕ ಇಳಿದವರು ಬಹಳ ಮಂದಿ. ಸುಜಾತ ಅಂದು ಸಂಜೆಯೇ ಪಿಎಚ್‌ಸಿಗೆ ಹೋದರು. ಒಬ್ಬರಿಗೆ ಪಾಸಿಟಿವ್, ಇನ್ನೊಬ್ಬರಿಗೆ ನೆಗೆಟಿವ್. ಪಂಚಾಯತ್ ಆ ವಾರವೂ ಡಿಯಲ್ಲೇ ಉಳಿಯಿತು. ಆ ಎರಡು ಹೆಸರು ಸೇರದಿದ್ದರೂ ಅದು ಡಿಯೇ ಆಗುತ್ತಿತ್ತು.

ರಮೇಶರನ್ನು ಮೊದಲು ಒಬ್ಬರನ್ನೇ ಮಾತಾಡಿಸಿದೆ. ಸ್ವಾರ್ಥಿ ಮನುಷ್ಯ ಅಂದುಕೊಂಡರೆ ತಪ್ಪಾಗುತ್ತದೆ. ಅಂಗಡಿಯಲ್ಲಿ ಮಂಗಳೂರಿನಿಂದ ಸಾಲಕ್ಕೆ ತಂದ ಮಾಲು, ಕೆಲಸದ ಇಬ್ಬರು ಹುಡುಗಿಯರು, ಬ್ಯಾಂಕಿನ ಸಾಲ. 2020ರಲ್ಲಿ ರಿಸರ್ವ್ ಬ್ಯಾಂಕ್ ಮಾರ್ಚಿನಿಂದ ಆಗಸ್ಟ್ ವರೆಗೆ ಕಂತಿಗೆ ರಿಯಾಯಿತಿ ಕೊಟ್ಟಿತ್ತಲ್ವಾ, ಅದನ್ನು ಮಾಫಿ ಎಂದೇ ತಿಳಿದಿದ್ದರು. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ.

ಅದಕ್ಕಿಂತ ಜಾಸ್ತಿ ನೋವಿನ ವಿಷಯ ಮಾತಿನ ಕೊನೆಗೆ ಬಂತು. ಅವರ ತಂದೆಗೆ ಮಂಗಳೂರಿನಲ್ಲಿ ಡಯಾಲಿಸಿಸ್ ಆಗುತ್ತಿತ್ತು. 2020ರ ಮಾರ್ಚ್ ಕೊನೆಗೆ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು, ತಲಪಾಡಿಯಲ್ಲಿ ಆಂಬುಲೆನ್ಸುಗಳು ತಿರುಗಿ ಬಂದವು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಒಪ್ಪಂದಕ್ಕೆ ಬರುವಾಗ ಏಪ್ರಿಲ್ 7. ಅಷ್ಟರಲ್ಲಿ ತಂದೆಯ ಡಯಾಲಿಸಿಸ್ ತಪ್ಪಿತ್ತು. ಆ ಮಳೆಗಾಲ ಅವರು ದಾಟಲಿಲ್ಲ.

"ಅವತ್ತು ಮುಚ್ಚಿದ್ದೂ ಆರೋಗ್ಯಕ್ಕೇ ಅಂತ ಹೇಳಿದ್ದು ಮೇಡಂ. ನನ್ನ ಅಪ್ಪನ ಆರೋಗ್ಯಕ್ಕಾ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ, ಹುಡುಕಲೂ ಹೋಗಲಿಲ್ಲ. ಮುಚ್ಚಿದರೆ ಆರೋಗ್ಯ, ತೆರೆದರೆ ದುಡ್ಡು ಎಂದು ಎರಡು ತಟ್ಟೆಯಲ್ಲಿಟ್ಟು ತೂಗುವುದು ಟಿವಿ ಚರ್ಚೆಗೆ ಸುಲಭ. ಗಡಿನಾಡಿನಲ್ಲಿ ಆಸ್ಪತ್ರೆ ಒಂದು ರಾಜ್ಯದಲ್ಲಿ, ಮನೆ ಇನ್ನೊಂದರಲ್ಲಿ. ಇಲ್ಲಿ ಮುಚ್ಚಿದ ರಸ್ತೆಯೇ ಜೀವ ತೆಗೆದದ್ದುಂಟು. ಹಾಗೆಂದು ತಂದೆಯ ಸಾವಿನ ಸಿಟ್ಟನ್ನು ಸುಜಾತರ ಡೈರಿಯ ಮೇಲೆ ತೀರಿಸಿಕೊಂಡರೆ ಹೇಗೆ? ಇದನ್ನು ಅವರಿಗೆ ಹೇಳಿದೆ. ಥಟ್ಟನೆ ಒಪ್ಪಲಿಲ್ಲ. ಮುಂದಿನ ಸಲ ಬಂದಾಗ ತಂದೆಯ ಬಗ್ಗೆ ಅವರೇ ಮಾತು ತೆಗೆದರು, ಒಂದು ಗಂಟೆ ಅದೇ ಆಯಿತು.

ಒಟ್ಟಿಗೆ ಕೂತಾಗ ಮೊದಲು ರಮೇಶರ ಲೆಕ್ಕವನ್ನೇ ಕಾಗದದ ಮೇಲೆ ಬರೆದೆವು. ನೂರು ಜನರ ಪರೀಕ್ಷೆಯಲ್ಲಿ 18 ಪಾಸಿಟಿವ್ ಬಂದರೆ ಟಿಪಿಆರ್ 18, ಡಿ. ಇನ್ನೂ ನೂರು ಆರೋಗ್ಯವಂತರನ್ನು ತಂದು ಸೇರಿಸಿದರೆ ಇನ್ನೂರಕ್ಕೆ 18, ಅಂದರೆ 9. ಬಿ! ಅಂಗಡಿ ತೆರೆಯಬಹುದು. ಊರಿನಲ್ಲಿ ರೋಗ ಮಾತ್ರ ಇದ್ದಷ್ಟೇ. ಆಗ ಎಷ್ಟೋ ಕಡೆ ಇದು ನಡೆದೂ ಇತ್ತು. ನನ್ನ ಅಭಿಪ್ರಾಯ ಕೇಳಿದರು, ಹೇಳಿದೆ. ವ್ಯಾಪಾರಿಗಳು, ರಿಕ್ಷಾದವರು ದಿನಕ್ಕೆ ಹತ್ತಾರು ಜನರನ್ನು ಮುಟ್ಟುವವರು, ಅವರು ಪರೀಕ್ಷೆಗೆ ಬರುವುದರಲ್ಲಿ ತಪ್ಪಿಲ್ಲ. ಲಕ್ಷಣ ಇಲ್ಲದ ಪಾಸಿಟಿವ್ ಸಿಕ್ಕಿದರೆ ಒಳ್ಳೆಯದೇ. ಬೇಕಾದರೆ ವ್ಯಾಪಾರಿಗಳ ಸಂಘದಿಂದ ನೀವೇ ಕ್ಯಾಂಪ್ ಮಾಡಿಸಿ, ಹೆಂಡತಿಯ ಮೂಲಕ ಬೇಡ. ಜ್ವರದವರ ಹೆಸರು ಬಿಡುವುದು ಬೇರೆ ವಿಷಯ. ಅದರಲ್ಲಿ ಚೌಕಾಸಿ ಇಲ್ಲ.

"ಅಂಗಡಿ ತೆರೆದ್ರೆ ಎಲ್ಲ ಸರಿಯಾಗ್ತದೆ" ಎಂಬ ನಂಬಿಕೆಯನ್ನೂ ಸ್ವಲ್ಪ ಅಲುಗಿಸಬೇಕಿತ್ತು. ಶಿಕಾಗೊ ವಿಶ್ವವಿದ್ಯಾಲಯದ ಗೂಲ್ಸ್‌ಬಿ ಮತ್ತು ಸಿವರ್ಸನ್ ಎಂಬ ಅರ್ಥಶಾಸ್ತ್ರಜ್ಞರು 2020ರಲ್ಲಿ ಮೊಬೈಲ್ ಮಾಹಿತಿ ಇಟ್ಟುಕೊಂಡು ಅಮೆರಿಕದ ಅಂಗಡಿಗಳನ್ನು ನೋಡಿದ್ದರು. ಗಿರಾಕಿಗಳ ಓಡಾಟ ಶೇಕಡಾ 60ರಷ್ಟು ಕುಸಿದಿತ್ತು. ಆ 60ರಲ್ಲಿ ಸರಕಾರದ ನಿರ್ಬಂಧದಿಂದ ಆದದ್ದು ಬರೀ 7. ಉಳಿದದ್ದಕ್ಕೆ ಮುಖ್ಯ ಕಾರಣ ಜನರ ಹೆದರಿಕೆ. ಇದನ್ನು ಹೇಳಿದಾಗ ರಮೇಶ ನಕ್ಕರು. "ಅದು ಅಮೆರಿಕ ಮೇಡಂ. ನಮ್ಮಲ್ಲಿ ಮದುವೆ ಇದ್ರೆ ಹೆದರಿಕೆ ಇದ್ರೂ ಸೀರೆ ಬೇಕೇ ಬೇಕು." ಅವರ ಮಾತಿನಲ್ಲೂ ಹುರುಳಿದೆ. ಆದರೂ ಅಂಗಡಿ ತೆರೆದಿದ್ದ ದಿನಗಳ ವ್ಯಾಪಾರ ಹೇಗಿತ್ತು ಅಂತ ಕೇಳಿದರೆ, ಅರ್ಧವೂ ಇರಲಿಲ್ಲ ಎಂದರು.

ಸಾಲದ ವಿಷಯದಲ್ಲಿ ಕೊಟ್ಟ ಸಲಹೆ ಸರಳ. 2021ರ ಮೇ 5ರಂದು ರಿಸರ್ವ್ ಬ್ಯಾಂಕ್ ಸಣ್ಣ ವ್ಯಾಪಾರಿಗಳ ಸಾಲವನ್ನು ಮರುಹೊಂದಿಸಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತ್ತು, ಸೆಪ್ಟೆಂಬರ್ 30ರೊಳಗೆ ಕೇಳಬೇಕಿತ್ತು. ಸಾಲಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಒಟ್ಟಿಗೆ ಬ್ಯಾಂಕಿಗೆ ಹೋಗಿ ಎಂದೆ. ಸುಜಾತರಿಗೆ ಸಾಲದ ಪೂರ್ತಿ ಮೊತ್ತ ಗೊತ್ತಾದದ್ದೇ ಆ ಹಾಳೆ ನೋಡಿ.

ಸುಜಾತರಿಗೆ ಹೇಳಿದ್ದು ಇಷ್ಟು. ಹೆಸರು ಬರೆಯುವುದು ನಿಮ್ಮ ಕೆಲಸ, ಕೆಟಗರಿ ನಿರ್ಧರಿಸುವುದು ನಿಮ್ಮ ಕೆಲಸ ಅಲ್ಲ. ವಾರ್ಡಿನ ಯಾರ ಮನೆಯ ಜ್ವರದ ಸುದ್ದಿಯೂ ನಿಮ್ಮ ಮನೆಯೊಳಗೆ ಬರಬಾರದು, ಅದು ರೋಗಿಯ ಗುಟ್ಟು ಕೂಡ. ಮನೆಯಲ್ಲಿ ಒತ್ತಡ ಇದೆ ಎಂದು ಪಿಎಚ್‌ಸಿಯ ನರ್ಸಿಗೆ ತಿಳಿಸಿಬಿಡಿ, ಒಬ್ಬರೇ ಹೊರಬೇಡಿ. ನಿದ್ದೆ ಸರಿಹೋಗದಿದ್ದರೆ ಡಾಕ್ಟರನ್ನು ನೋಡಲೇಬೇಕು.

ಆ ತಿಂಗಳಲ್ಲೇ ವ್ಯಾಪಾರಿಗಳು ರಾಜ್ಯದುದ್ದಕ್ಕೂ ಪ್ರತಿಭಟನೆ ಮಾಡಿದರು. ರಮೇಶ ಹೋಗಲಾ ಬೇಡವಾ ಅಂತ ಕೇಳಿದರು. ಹೋಗಿ, ಸಿಟ್ಟಿಗೆ ಸರಿಯಾದ ವಿಳಾಸ ಅದು ಎಂದೆ. ಬಕ್ರೀದಿಗೆ ಸರಕಾರ ಮೂರು ದಿನ ಸಡಿಲಿಕೆ ಕೊಟ್ಟಿತು, ಸುಪ್ರೀಂ ಕೋರ್ಟ್ ಅದಕ್ಕೆ ತರಾಟೆಗೆ ತೆಗೆದುಕೊಂಡಿತು. ಆಗಸ್ಟ್ 5ರಿಂದ ಟಿಪಿಆರ್ ಲೆಕ್ಕವನ್ನೇ ಬಿಟ್ಟು, ಜನಸಂಖ್ಯೆಗೆ ಎಷ್ಟು ಸೋಂಕು ಎಂದು ನೋಡತೊಡಗಿದರು. ಲೆಕ್ಕದ ಬಗ್ಗೆ ರಮೇಶರಿಗಿದ್ದ ತಕರಾರು ಪೂರ್ತಿ ಸುಳ್ಳಾಗಿರಲಿಲ್ಲ, ಇದನ್ನು ಸುಜಾತರೂ ಒಪ್ಪಿದರು.

ಓಣಂ ಹೊತ್ತಿಗೆ ಅಂಗಡಿ ತೆರೆಯಿತು. ಬ್ಯಾಂಕು ಕಂತು ಇಳಿಸಿ ಅವಧಿ ಉದ್ದ ಮಾಡಿತು. ಒಟ್ಟು ಬಡ್ಡಿ ಜಾಸ್ತಿಯೇ ಬೀಳುತ್ತದೆ, ಗೊತ್ತಿದ್ದೇ ಸಹಿ ಹಾಕಿದರು. ಹೊಸ ನಿಯಮದಂತೆ ಲಸಿಕೆಯ ಸರ್ಟಿಫಿಕೇಟೋ, 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟೋ, ತಿಂಗಳ ಹಿಂದೆ ಕೋವಿಡ್ ಬಂದಿತ್ತೆಂಬ ದಾಖಲೆಯೋ ಇದ್ದವರು ಮಾತ್ರ ಒಳಗೆ ಬರಬೇಕಿತ್ತು. ಗಿರಾಕಿಯ ಹತ್ತಿರ ಅದನ್ನು ಕೇಳಲು ರಮೇಶರಿಗೆ ಮುಜುಗರ. ಹೇಗೆ ಕೇಳುವುದು ಅಂತ ಹೆಂಡತಿಯ ಹತ್ತಿರ ಕೇಳಿ ತಿಳಿದುಕೊಂಡರಂತೆ. ಸರಕಾರ ವ್ಯಾಪಾರಿಗಳಿಗೆ ಅನ್ಯಾಯ ಮಾಡಿತು ಎಂಬ ಅವರ ಅಭಿಪ್ರಾಯ ಈಗಲೂ ಹಾಗೇ ಇದೆ. ಅದನ್ನು ಬದಲಿಸುವುದು ನನ್ನ ಕೆಲಸ ಆಗಿರಲಿಲ್ಲ.