ಕ್ರೀಡಾ ಇತಿಹಾಸದ ಬಗ್ಗೆ ಐದು ಜನ ಸೇರಿ ಪ್ರೆಸೆಂಟೇಶನ್ ಕೊಡಬೇಕು. ಯಾವ ವಿಷಯ ತಗೊಳ್ಳೋದು, ಹೇಗೆ ಹಂಚಿಕೊಳ್ಳೋದು?

ನೀವು ಕೇಳಿದ್ದು ಇಷ್ಟು: ಬಿ.ಎ. ಎರಡನೇ ವರ್ಷ, ಗುಂಪಿನಲ್ಲಿ ಐದು ಜನ, 'ಕ್ರೀಡೆ: ಇತಿಹಾಸ ಮತ್ತು ಸಂಸ್ಕೃತಿ' ಎಂಬ ಪೇಪರ್, 20 ನಿಮಿಷ ಸಮಯ. 'ಒಲಿಂಪಿಕ್ಸ್ ಇತಿಹಾಸ' ಅಂತ ಹೆಸರು ಕೊಟ್ಟುಬಿಟ್ಟಿದ್ದೀರಿ. ಅದನ್ನು ಐದು ಪಾಲು ಮಾಡೋದು ಹೇಗೆ?

ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಇಂಥ ಪ್ರೆಸೆಂಟೇಶನ್‌ಗಳಿಗೆ ಇಂಟರ್ನಲ್ ಮಾರ್ಕ್ಸ್ ಹಾಕುವವರ ಪೈಕಿ ನಾನೂ ಒಬ್ಬ. ಆ ಕುರ್ಚಿಯಲ್ಲಿ ಕೂತವನಿಗೆ ಏನು ಕಾಣುತ್ತದೆ ಅನ್ನೋದನ್ನು ಹೇಳುತ್ತೇನೆ.

'ಒಲಿಂಪಿಕ್ಸ್ ಇತಿಹಾಸ' 20 ನಿಮಿಷಕ್ಕೆ ತೀರಾ ದೊಡ್ಡದು. ಮುಂದೆ ಏನಾಗುತ್ತದೆ ಅಂತ ಈಗಲೇ ಹೇಳಬಲ್ಲೆ. ಮೊದಲನೆಯವರು ಕ್ರಿ.ಪೂ. 776ರಿಂದ ಶುರು ಮಾಡುತ್ತಾರೆ. ಎರಡನೆಯವರಿಗೆ 1896ರ ಅಥೆನ್ಸ್. ಮೂರನೆಯವರು ಐದು ಬಳೆಗಳ ಬಣ್ಣ ವಿವರಿಸುತ್ತಾರೆ. ನಾಲ್ಕನೆಯವರು ಭಾರತದ ಪದಕಗಳ ಪಟ್ಟಿ ಓದುತ್ತಾರೆ. ಐದನೆಯವರ ಪಾಲಿಗೆ ಉಳಿಯೋದು 'ಥ್ಯಾಂಕ್ ಯೂ' ಸ್ಲೈಡ್. ಎಲ್ಲವೂ ಸರಿಯಾಗಿಯೇ ಇರುತ್ತದೆ, ಆದರೆ ಕೇಳಿದವರಿಗೆ ಮರುದಿನ ಒಂದೂ ನೆನಪಿರುವುದಿಲ್ಲ. ನಿಮ್ಮ ಗುಂಪಿನವರಿಗೇ ಬೇರೆಯವರ ಭಾಗ ಗೊತ್ತಿರುವುದಿಲ್ಲ. ನಾನು ಮೂರನೆಯವರ ಸ್ಲೈಡ್ ಬಗ್ಗೆ ಒಂದನೆಯವರನ್ನು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಮಾರ್ಕ್ಸ್ ಹೋಗೋದು ಅಲ್ಲೇ.

ಅದಕ್ಕೇ ನನ್ನ ಸಲಹೆ: ಒಬ್ಬ ಆಟಗಾರ, ಒಂದು ಪಂದ್ಯ ಅಥವಾ ಒಂದು ಊರಿನ ಒಂದು ಆಟ, ಇಷ್ಟನ್ನೇ ತಗೊಳ್ಳಿ. ಆಮೇಲೆ ಸ್ಲೈಡ್ ಹಂಚಿಕೊಳ್ಳಬೇಡಿ, ಪ್ರಶ್ನೆ ಹಂಚಿಕೊಳ್ಳಿ. ಒಬ್ಬನೇ ಮನುಷ್ಯನ ಬಗ್ಗೆ ಐದು ಜನ ಐದು ಬೇರೆ ಪ್ರಶ್ನೆ ಕೇಳಿದರೆ ಅದೇ ಇತಿಹಾಸ, ಅದೇ ಸಂಸ್ಕೃತಿ.

ಬರೀ ಮಾತಲ್ಲಿ ಹೇಳಿದರೆ ಸಾಲದು ಅಲ್ವಾ? ಒಂದು ಉದಾಹರಣೆ ಪೂರ್ತಿ ಬಿಡಿಸುತ್ತೇನೆ. ಬೇಕಾದರೆ ಇದನ್ನೇ ತಗೊಳ್ಳಿ.

ಕ್ರಿಕೆಟ್ ಆಟಗಾರ ಪಲ್ವಂಕರ್ ಬಾಲೂ. ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಎಡಗೈ ಸ್ಪಿನ್ನರ್. ಚಮ್ಮಾರ ಜಾತಿಯವರು, ಅಂದರೆ ಆ ಕಾಲದ ಲೆಕ್ಕದಲ್ಲಿ ಅಸ್ಪೃಶ್ಯರು. ತಂದೆಗೆ ಸೈನ್ಯದಲ್ಲಿ ಕೆಲಸ, ಹಾಗಾಗಿ ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಇಂಗ್ಲಿಷರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ನೆಟ್ ಕಟ್ಟುವುದು. ಜೊತೆಗೆ ಸಾಹೇಬರಿಗೆ ಅಭ್ಯಾಸಕ್ಕೆ ಬೌಲಿಂಗ್ ಮಾಡುವುದು. ಬೌಲಿಂಗ್ ಇವರದು, ಬ್ಯಾಟಿಂಗ್ ಸಾಹೇಬರದು. ಗ್ರೇಗ್ ಎಂಬ ಅಧಿಕಾರಿ ಆ ಕಾಲದ ಒಳ್ಳೆಯ ಬ್ಯಾಟ್ಸ್‌ಮನ್. ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಲೂಗೆ ಎಂಟಾಣೆ ಕೊಡುತ್ತಿದ್ದನಂತೆ. ಈ ಎಂಟಾಣೆ ಕಥೆಯನ್ನು ಹೇಳುವಾಗ 'ಅಂತೆ' ಸೇರಿಸಿಯೇ ಹೇಳಿ. ಚೆನ್ನಾಗಿದೆ, ಆದರೆ ಬಾಯಿಂದ ಬಾಯಿಗೆ ಬಂದದ್ದು.

ಇನ್ನು ಪುಣೆಯ ಹಿಂದೂ ಆಟಗಾರರಿಗೆ ಇಂಗ್ಲಿಷರ ತಂಡವನ್ನು ಸೋಲಿಸುವ ಆಸೆ. ಅದಕ್ಕೆ ಬಾಲೂ ಬೇಕು. ಆದರೆ ತಂಡದಲ್ಲಿ ಮೇಲ್ಜಾತಿಯವರೇ ಜಾಸ್ತಿ, ಇವರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಅಂತ ತಕರಾರು. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಒಂದೇ ಚೆಂಡು ಮುಟ್ಟಿದರು. ಟೀ ಬ್ರೇಕ್ ಬಂತು. ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ, ಬಾಲೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕಪ್ಪಿನಲ್ಲಿ.

ನಿಮ್ಮ ಪ್ರೆಸೆಂಟೇಶನ್ ಇಲ್ಲಿಂದ ಶುರುವಾಗಲಿ. 'ನಮ್ಮ ಇಂದಿನ ವಿಷಯ' ಎಂಬ ಸ್ಲೈಡ್ ಬೇಡ. ಮೇಜಿನ ಮೇಲೆ ಒಂದು ಪಿಂಗಾಣಿ ಕಪ್ಪು, ಪಕ್ಕದಲ್ಲಿ ಒಂದು ಮಣ್ಣಿನ ಕಪ್ಪು ಇಡಿ. ಒಂದು ನಿಮಿಷ ಅದರ ಬಗ್ಗೆಯೇ ಮಾತಾಡಿ.

ಈಗ ಐದು ಪ್ರಶ್ನೆ ಹಂಚೋಣ.

ಮೊದಲನೆಯವರಿಗೆ: ಮೈದಾನದ ಕೆಲಸದವನು ಬೌಲರ್ ಆದದ್ದು ಹೇಗೆ? ಇದು ಬದುಕಿನ ಕಥೆ, ಸುಲಭ. ಧಾರವಾಡ, ಪುಣೆ, ಬಾಂಬೆ ಮೂರನ್ನೂ ಒಂದು ನಕ್ಷೆಯಲ್ಲಿ ತೋರಿಸಿ. ಮೂರೂ ಆಗ ಬಾಂಬೆ ಪ್ರಾಂತ್ಯದಲ್ಲೇ ಇದ್ದವು ಅನ್ನೋದು ನಮ್ಮ ಹುಡುಗರಿಗೆ ಎಷ್ಟೋ ಸಲ ಹೊಳೆಯುವುದೇ ಇಲ್ಲ.

ಎರಡನೆಯವರಿಗೆ: 'ಹಿಂದೂ ತಂಡ' ಅಂತ ಯಾಕಿತ್ತು? ಬಾಂಬೆಯಲ್ಲಿ ಕ್ರಿಕೆಟ್ ತಂಡಗಳು ಧರ್ಮದ ಲೆಕ್ಕದಲ್ಲಿ ಇದ್ದವು. ಮೊದಲು ಯುರೋಪಿಯನ್ನರು ಮತ್ತು ಪಾರ್ಸಿಗಳು ಆಡುತ್ತಿದ್ದರು. 1907ರಲ್ಲಿ ಹಿಂದೂಗಳು ಸೇರಿ ಮೂರು ತಂಡ, 1912ರಲ್ಲಿ ಮುಸ್ಲಿಮರು ಸೇರಿ ನಾಲ್ಕು, 1937ರಲ್ಲಿ ಉಳಿದವರದೆಲ್ಲ ಸೇರಿ ಐದನೇ ತಂಡ. 1946ರ ನಂತರ ಇದು ನಿಂತಿತು. ಗಾಂಧೀಜಿ 1940ರಲ್ಲೇ ಧರ್ಮದ ಹೆಸರಿನ ಈ ಕ್ರಿಕೆಟ್ ಬೇಡ ಅಂದಿದ್ದರು. ಆದರೂ ಜನ ಕಿಕ್ಕಿರಿದು ನೋಡುತ್ತಿದ್ದ ಟೂರ್ನಿ ಇದು. ಯಾಕೆ ಅಷ್ಟು ಜನ? ಯೋಚನೆ ಮಾಡಿ ಬರಲಿ.

ಮೂರನೆಯವರಿಗೆ ಅಂಕಿಅಂಶ. 1911ರಲ್ಲಿ ಭಾರತದ ಒಂದು ತಂಡ ಇಂಗ್ಲೆಂಡ್ ಪ್ರವಾಸ ಹೋಯಿತು. ನಾಯಕ ಪಟಿಯಾಲದ ಮಹಾರಾಜ. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಬಾಲೂ ಮಾತ್ರ ಇಡೀ ಪ್ರವಾಸದಲ್ಲಿ 114 ವಿಕೆಟ್ ತೆಗೆದರು, ಸರಾಸರಿ 18.84. ಆಗ ಅವರಿಗೆ 35 ವರ್ಷ. ಅದೇ ವರ್ಷ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಗಾನ್ ಫುಟ್‌ಬಾಲ್ ತಂಡ ಐಎಫ್‌ಎ ಶೀಲ್ಡ್ ಟೂರ್ನಿಯ ಫೈನಲ್‌ನಲ್ಲಿ ಬ್ರಿಟಿಷ್ ಸೈನಿಕರ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿತು. ಹನ್ನೊಂದರಲ್ಲಿ ಹತ್ತು ಜನ ಬರಿಗಾಲಲ್ಲಿ ಆಡಿದ್ದರು. ಎರಡನ್ನೂ ಒಂದೇ ಸ್ಲೈಡ್‌ನಲ್ಲಿ ಇಡಿ. ಒಂದೇ ವರ್ಷ, ಎರಡು ಆಟ. ಒಂದನ್ನು ನಾವು ಇವತ್ತಿಗೂ ನೆನೆಯುತ್ತೇವೆ, ಇನ್ನೊಂದನ್ನು ಹೆಚ್ಚಿನವರು ಮರೆತಿದ್ದೇವೆ.

ನಾಲ್ಕನೆಯವರಿಗೆ ನಾಯಕತ್ವದ ಪ್ರಶ್ನೆ. ಇಷ್ಟು ವಿಕೆಟ್ ತೆಗೆದವರಿಗೆ ಹಿಂದೂ ತಂಡದ ನಾಯಕತ್ವ ಯಾಕೆ ಕೊಡಲಿಲ್ಲ? ಬಾಲೂ ತಮ್ಮಂದಿರೂ ಆಟಗಾರರೇ. ಕೊನೆಗೆ ತಮ್ಮ ವಿಠಲ್ 1923ರಲ್ಲಿ ನಾಯಕನಾದರು. ಅಣ್ಣನಿಗೆ ಸಿಗದ್ದು ತಮ್ಮನಿಗೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಏನು ಬದಲಾಯಿತು? ಇಡೀ ಪ್ರೆಸೆಂಟೇಶನ್‌ನಲ್ಲಿ ಕಷ್ಟದ ಭಾಗ ಇದು. ಗುಂಪಿನಲ್ಲಿ ಚೆನ್ನಾಗಿ ಓದುವವರು ಯಾರೋ ಅವರಿಗೆ ಕೊಡಿ. ಸ್ವಾತಂತ್ರ್ಯ ಚಳವಳಿ, ಗಾಂಧೀಜಿ ಅಸ್ಪೃಶ್ಯತೆ ವಿರುದ್ಧ ಮಾತಾಡುತ್ತಿದ್ದ ಕಾಲ, ಎಲ್ಲ ಇಲ್ಲಿಗೆ ಬಂದು ಸೇರುತ್ತದೆ.

ಐದನೆಯವರಿಗೆ, 'ಥ್ಯಾಂಕ್ ಯೂ' ಬದಲು, 1932 ಮತ್ತು 1937. ಭಾರತ ಮೊದಲ ಟೆಸ್ಟ್ ಆಡಿದ್ದು 1932ರ ಜೂನ್‌ನಲ್ಲಿ, ಲಾರ್ಡ್ಸ್‌ನಲ್ಲಿ. ಅಷ್ಟರಲ್ಲಿ ಬಾಲೂಗೆ 56. ಟೆಸ್ಟ್ ಆಡುವ ಭಾಗ್ಯ ಬರಲೇ ಇಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಶಾಸನಸಭೆಗಳಲ್ಲಿ ದಲಿತರ ಪ್ರಾತಿನಿಧ್ಯದ ಬಗ್ಗೆ, ಪುಣೆ ಒಪ್ಪಂದ ಆಯಿತು. ಅದಕ್ಕೆ ಸಹಿ ಹಾಕಿದವರ ಪಟ್ಟಿ ತೆಗೆದು ನೋಡಿ. ಗಾಂಧಿ ಕಡೆಯವರು, ಅಂಬೇಡ್ಕರ್, ರಾಜಾಜಿ ಹೆಸರುಗಳ ಜೊತೆ 'ಪಿ. ಬಾಲೂ' ಅಂತ ಇದೆ. ಅದೇ ಬೌಲರ್! ಐದು ವರ್ಷ ಬಿಟ್ಟು, 1937ರ ಚುನಾವಣೆಯಲ್ಲಿ, ಕಾಂಗ್ರೆಸ್ ಇವರನ್ನು ಬಾಂಬೆಯಲ್ಲಿ ಅಂಬೇಡ್ಕರ್ ಎದುರೇ ನಿಲ್ಲಿಸಿತು. ಅಂಬೇಡ್ಕರ್ ಗೆದ್ದರು. ಒಂದು ಕಾಲದಲ್ಲಿ ಬಾಲೂ ಸಾಧನೆಯನ್ನು ಅಂಬೇಡ್ಕರ್ ಅವರೇ ಮೆಚ್ಚಿಕೊಂಡಿದ್ದರು. ಇದನ್ನು ಹೇಳುವಾಗ ಯಾರನ್ನೂ ವಿಲನ್ ಮಾಡಬೇಡಿ. ಇಬ್ಬರೂ ಒಂದೇ ನೋವಿಗೆ ಬೇರೆ ಬೇರೆ ದಾರಿ ಹುಡುಕಿದವರು. ಕ್ಲಾಸಿನಲ್ಲಿ ಜಗಳ ಹತ್ತಿಕೊಂಡರೆ ಹತ್ತಿಕೊಳ್ಳಲಿ ಬಿಡಿ, ನಾನಂತೂ ಅಂಥ ಗುಂಪಿಗೆ ಮಾರ್ಕ್ಸ್ ಜಾಸ್ತಿಯೇ ಕೊಡುತ್ತೇನೆ.

ನೋಡಿ, ಒಂದು ಮಣ್ಣಿನ ಕಪ್ಪಿನಿಂದ ಹೊರಟು ಪುಣೆ ಒಪ್ಪಂದಕ್ಕೆ ಬಂದೆವು. ಐದು ಜನಕ್ಕೂ ಕೆಲಸ ಸಿಕ್ಕಿತು. ಒಬ್ಬರದು ಇಲ್ಲದೆ ಇನ್ನೊಬ್ಬರದು ನಿಲ್ಲುವುದಿಲ್ಲ, ಹಾಗಾಗಿ ಎಲ್ಲರೂ ಎಲ್ಲವನ್ನೂ ಓದಲೇಬೇಕು.

ಕ್ರಿಕೆಟ್ ಬೇಡ ಅನಿಸಿದರೆ ಕೊಡಗಿನ ಕೌಟುಂಬಿಕ ಹಾಕಿ ಇದೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದ್ದು, ಮೊದಲ ವರ್ಷ 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಸೇರಿ ಗಿನ್ನೆಸ್ ದಾಖಲೆ ಆಯಿತು. ತಂಡ ಅಂದರೆ ಒಂದೇ ಮನೆತನದವರು. ತಾತನೂ ಮೊಮ್ಮಗಳೂ ಒಟ್ಟಿಗೆ ಸ್ಟಿಕ್ ಹಿಡಿದು ಇಳಿಯುತ್ತಾರೆ. ಪ್ರತಿ ವರ್ಷ ಒಂದು ಕುಟುಂಬ ಹೊಣೆ ಹೊರುತ್ತದೆ, ಟೂರ್ನಿಗೂ ಅದೇ ಕುಟುಂಬದ ಹೆಸರು. ಇದರಲ್ಲಿ ಇತಿಹಾಸಕ್ಕಿಂತ ಸಂಸ್ಕೃತಿ ಜಾಸ್ತಿ. ನಿಮ್ಮ ಗುಂಪಿನಲ್ಲಿ ಕೊಡಗಿನವರು ಒಬ್ಬರಿದ್ದರೂ ಸಾಕು, ಮನೆಗೆ ಫೋನ್ ಮಾಡಿ ಕೇಳಿದರೆ ಯಾವ ವೆಬ್‌ಸೈಟಿನಲ್ಲೂ ಇಲ್ಲದ ಸಂಗತಿ ಸಿಗುತ್ತದೆ. ತಂಡ ಕಟ್ಟುವುದು ಯಾರು, ದುಡ್ಡು ಹೇಗೆ ಸೇರಿಸುತ್ತಾರೆ, ಬೆಂಗಳೂರಲ್ಲಿ ಕೆಲಸ ಮಾಡುವವರು ರಜೆ ಹಾಕಿ ಬರುತ್ತಾರಾ, ಇಂಥದ್ದನ್ನು ಕೇಳಿ.

ಅಂಕಿಗಳ ಬಗ್ಗೆ ಒಂದು ಮಾತು. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿರಬಹುದು. ಯಾರೋ ಕ್ಯಾಲ್ಕುಲೇಟರ್ ಒತ್ತಿದರು, ನೂರು ಮೀಟರಿಗೆ 9.55 ಬಂತು, ಉಸೇನ್ ಬೋಲ್ಟ್ ದಾಖಲೆ 9.58 ಅಲ್ವಾ, ಮುಗೀತು, ಎಲ್ಲ ಕಡೆ ಸುದ್ದಿ. ಪ್ರೆಸೆಂಟೇಶನ್‌ನಲ್ಲಿ ಇದನ್ನು 'ಬೋಲ್ಟ್‌ನನ್ನು ಮೀರಿಸಿದ ಕನ್ನಡಿಗ' ಅಂತ ಹಾಕಿದರೆ ನಾನು ಕೈ ಎತ್ತುತ್ತೇನೆ. 9.55 ಗಡಿಯಾರ ಅಳೆದ ಸಮಯ ಅಲ್ಲ, ಭಾಗಾಕಾರ. ಅವರು ಕೆಸರುಗದ್ದೆಯಲ್ಲಿ, ಎಳೆಯುವ ಕೋಣಗಳ ಹಿಂದೆ ಓಡಿದವರು. ಟ್ರ್ಯಾಕ್ ಮೇಲೆ ಟ್ರಯಲ್ಸ್‌ಗೆ ಕರೆದಾಗ ಗೌಡರು ಒಪ್ಪಲಿಲ್ಲ. ಆಟ ಯಾವುದು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನೀವು ಹಾಕುವ ಪ್ರತಿ ಅಂಕಿಯನ್ನೂ 'ಇದನ್ನು ಅಳೆದವರು ಯಾರು' ಅಂತ ಕೇಳಿಯೇ ಹಾಕಿ.

ವಸ್ತು ತರುವುದರ ಬಗ್ಗೆ ಮೇಲೆ ಕಪ್ಪಿನ ಮಾತು ಹೇಳಿದೆ. ಅದು ಸುಮ್ನೆ ಹೇಳಿದ್ದಲ್ಲ. ನಮ್ಮ ಕಾಲೇಜಿನಲ್ಲಿ ಒಂದು ಗುಂಪು ಗರಡಿ ಮನೆ ಬಗ್ಗೆ ಮಾತಾಡಿತು. ಒಬ್ಬ ಹುಡುಗ ತನ್ನ ಸೋದರಮಾವನ ಮರದ ಗದೆ ತಂದಿದ್ದ. ಹಿಡಿಯ ಹತ್ತಿರ ಮರ ಕಪ್ಪಾಗಿ, ನಯವಾಗಿ ಹೊಳೆಯುತ್ತಿತ್ತು. ಹಿಂದಿನ ಬೆಂಚಿನ ಒಬ್ಬನನ್ನು ಕರೆದು, 'ಇದನ್ನು ತಲೆಯ ಹಿಂದಿನಿಂದ ಒಂದು ಸುತ್ತು ತಿರುಗಿಸು' ಅಂದ. ಎತ್ತುವಷ್ಟರಲ್ಲೇ ಅವನ ಮೊಣಕೈ ನಡುಗಿತು. ಕ್ಲಾಸೆಲ್ಲ ನಕ್ಕಿತು. ಆಮೇಲೆ ಕುಸ್ತಿ ಆಡುವ ಮಟ್ಟಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡುವುದನ್ನು ಅವರು ವಿವರಿಸಿದಾಗ ಎಲ್ಲರೂ ಕಿವಿಗೊಟ್ಟು ಕೇಳಿದರು. ಸ್ಲೈಡ್‌ಗಳು ಸಾಧಾರಣವಾಗಿದ್ದವು, ಫಾಂಟ್ ಅಂತೂ ಕೆಟ್ಟದಾಗಿತ್ತು. ಯಾರಿಗೂ ಅದರ ಕಡೆ ಗಮನ ಇರಲಿಲ್ಲ.

ಉಳಿದದ್ದು ಸಣ್ಣಪುಟ್ಟದ್ದು. ಸ್ಲೈಡ್ ನೋಡಿ ಓದಬೇಡಿ. ಒಬ್ಬರಿಗೆ ಮೂರೂವರೆ ನಿಮಿಷಕ್ಕಿಂತ ಜಾಸ್ತಿ ಬೇಡ, ಪ್ರಶ್ನೆಗಳಿಗೆ ಸಮಯ ಉಳಿಯಬೇಕು. ಮಾತಾಡಲು ಹೆದರುವವರು ಗುಂಪಿನಲ್ಲಿದ್ದರೆ ಅವರನ್ನು ಕೊನೆಗೆ ಹಾಕಬೇಡಿ, ಎರಡನೆಯವರನ್ನಾಗಿ ಮಾಡಿ. ಕೊನೆಗೆ ಹಾಕಿದರೆ ತಮ್ಮ ಸರದಿ ಬರುವ ತನಕ ಒಳಗೇ ಬೆವರುತ್ತಾ ಕೂರುತ್ತಾರೆ. ಪೆನ್‌ಡ್ರೈವ್ ಓಪನ್ ಆಗದಿದ್ದರೆ ಅಂತ ಸ್ಲೈಡ್‌ಗಳನ್ನು ಒಬ್ಬರ ಮೇಲ್‌ಗೂ ಹಾಕಿಡಿ. ಕನ್ನಡ ಅಕ್ಷರ ಬೇರೆ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಕಾಣುವುದುಂಟು, ಪಿಡಿಎಫ್ ಮಾಡಿಕೊಂಡು ಹೋಗಿ.

ಹೆಸರು ಕೊಟ್ಟಾಗಿದೆ, ಈಗ ಬದಲಾಯಿಸಲು ಸರ್ ಒಪ್ಪಲ್ಲ ಅಂತೀರಾ? ಹಾಗಿದ್ದರೆ 'ಒಲಿಂಪಿಕ್ಸ್' ಅನ್ನೋದನ್ನೇ ಇಟ್ಟುಕೊಂಡು ಬೆಳಗಾವಿ ಕಡೆಯ ಫಡೆಪ್ಪ ಚೌಗುಲೆ ಅವರನ್ನು ಹಿಡಿಯಿರಿ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಹೋದ ಭಾರತದ ಪುಟ್ಟ ತಂಡದಲ್ಲಿ ಇದ್ದವರು. ಮ್ಯಾರಥಾನ್‌ನಲ್ಲಿ 19ನೇ ಸ್ಥಾನ. ಅವರನ್ನು ಕಳಿಸುವ ಹಿಂದೆ ಇದ್ದವರು ಉದ್ಯಮಿ ದೊರಾಬ್ಜಿ ಟಾಟಾ. ಪುಣೆಯ ಡೆಕ್ಕನ್ ಜಿಮ್ಖಾನಾ ಎಂಬ ಕ್ರೀಡಾ ಕ್ಲಬ್ಬಿನ ಓಟದಲ್ಲಿ ಹಳ್ಳಿಯ ರೈತರು ಬರಿಗಾಲಲ್ಲಿ ಓಡುವುದನ್ನು ನೋಡಿ, ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬಾರದೇಕೆ ಅಂತ ಅವರಿಗೆ ಅನಿಸಿತು. ಯಾರು ಓಡಿದರು, ಯಾರು ಆರಿಸಿದರು, ಯಾರು ದುಡ್ಡು ಕೊಟ್ಟರು, ಯಾವ ಬಾವುಟದ ಕೆಳಗೆ ಓಡಿದರು, ವಾಪಸ್ ಬಂದಮೇಲೆ ಊರು ಅವರನ್ನು ಎಷ್ಟು ನೆನಪಿಟ್ಟುಕೊಂಡಿತು. ನಿಮಗೆ ಬೇಕಿದ್ದ ಐದು ಪಾಲು ಅಲ್ಲೇ ಇವೆ. ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಬೆಳಗಾವಿಯವರು ಯಾರಾದರೂ ನಿಮ್ಮ ಕಾಲೇಜಿನಲ್ಲಿದ್ದರೆ ಮೊದಲು ಅವರನ್ನು ವಿಚಾರಿಸಿ.