ಜೆನ್ನೆಗೆ ಎರಡು ವಯಸ್ಸು ಬರುತ್ತಿರುವುದು ಏಕೆ

ಪಶ್ಚಿಮ ಆಫ್ರಿಕಾದ ಜೆನ್ನೆ ಊರಿನ ಬಗ್ಗೆ ನೀವು ಬರೆಯುತ್ತಿರುವ ಟಿಪ್ಪಣಿಯಲ್ಲಿ ವಯಸ್ಸೂ ಜನಸಂಖ್ಯೆಯೂ ಹೊಂದುತ್ತಿಲ್ಲ ಅಂದಿರಿ. ಅದರಲ್ಲಿ ಎರಡು ಊರು ಬೆರೆತಿವೆ ಅನ್ನಿಸುತ್ತೆ. ಮಾಲಿ ದೇಶದ ಜೆನ್ನೆ ಒಂದು ಕಡೆ ಕ್ರಿ.ಪೂ. 250ರದ್ದು, ಇನ್ನೊಂದು ಕಡೆ ಮಧ್ಯಯುಗದ್ದು ಅಂತ ಸಿಗೋದು ಅದಕ್ಕೇ. ನಾನೂ ಒಮ್ಮೆ ಇಲ್ಲೇ ಎಡವಿದ್ದೆ.

ಮೊದಲು ಆ ಹಳೇ ಇಸವಿಯನ್ನು ಈಗಿನ ಊರಿನಿಂದ ಕಿತ್ತು ಜೆನ್ನೆ-ಜೆನೊ ಎಂಬ ದಿಬ್ಬಕ್ಕೆ ಹಾಕಿ. ಅದು ಊರಿಂದ ಸುಮಾರು 3 ಕಿ.ಮೀ. ದೂರ; 1977ರಲ್ಲಿ ಪುರಾತತ್ವಜ್ಞರಾದ ಮ್ಯಾಕಿಂಟಾಷ್ ದಂಪತಿ ಅಗೆದ ಜಾಗ. ಸುಮಾರು ಕ್ರಿ.ಶ. 1400ರ ಹೊತ್ತಿಗೆ ಅಲ್ಲಿ ಯಾರೂ ಉಳಿದಿರಲಿಲ್ಲ. ಯಾಕೆ ಬಿಟ್ಟುಹೋದರು ಅನ್ನೋದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ, ಹಾಗಾಗಿ ಒಂದೇ ಕಾರಣ ಬರೆಯಬೇಡಿ. 1988ರ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿ ದಿಬ್ಬ, ಈಗಿನ ಊರು ಎರಡೂ ಒಂದೇ ಹೆಸರಿನಡಿ ಇವೆ, ಗೊಂದಲದ ಮೂಲ ಬಹುಶಃ ಅದೇ.

ಆಮೇಲೆ ಜನಸಂಖ್ಯೆ. ಮೊಪ್ತಿ ಪ್ರಾಂತ್ಯ, ಅದರೊಳಗೆ ಜೆನ್ನೆ ಸೆರ್ಕ್ಲ್ (ನಮ್ಮ ಜಿಲ್ಲೆ-ತಾಲೂಕಿನ ನಡುವಿನದ್ದು ಅನ್ನಿ), ಅದರೊಳಗೆ ಜೆನ್ನೆ ಕಮ್ಯೂನ್ (ಎಲ್ಲಕ್ಕಿಂತ ಕೆಳಗಿನ ಸ್ಥಳೀಯ ಆಡಳಿತ ಘಟಕ). ಕಮ್ಯೂನಿಗೆ ಸುತ್ತಲ ಹಳ್ಳಿಗಳೂ ಸೇರುತ್ತವೆ. ನಿಮಗೆ ಸಿಕ್ಕ ಜನಸಂಖ್ಯೆಗಳಲ್ಲಿ ದೊಡ್ಡ ಅಂಕಿ ಸೆರ್ಕ್ಲ್‌ನದ್ದೇ ಇರಬೇಕು. ಆಕರದಲ್ಲಿ ಆ ಪದ ಇದೆಯಾ ನೋಡಿ.

ಜೆನ್ನೆಯ ಮಣ್ಣಿನ ದೊಡ್ಡ ಮಸೀದಿಗೆ 1907 ಅಂತಲೇ ಬರೆಯಿರಿ. ಈಗಿರೋದು ಆಗ ಕಟ್ಟಿದ್ದು, ಜಾಗ ಮಾತ್ರ ಹಳೆಯದು. ಗೋಡೆಯಿಂದ ಹೊರಚಾಚಿದ ತಾಳೆಮರದ ಗೂಟಗಳು ಬರೀ ಅಲಂಕಾರವಲ್ಲ, ವರ್ಷಾವರ್ಷ ಮಣ್ಣು ಮೆತ್ತುವವರು ಹತ್ತಿ ನಿಲ್ಲೋದು ಅವುಗಳ ಮೇಲೇ. ಸೋಮವಾರದ ಸಂತೆ ಅದರ ಎದುರಲ್ಲೇ ನೆರೆಯುತ್ತೆ. ಜೆನ್ನೆಯ ವ್ಯಾಪಾರ ಕುಗ್ಗಿದ್ದಕ್ಕೆ 1893ರ ಫ್ರೆಂಚ್ ದಾಳಿಯೊಂದನ್ನೇ ದೂರಬೇಡಿ. ಆಮೇಲೆ ನೈಜರ್-ಬಾನಿ ನದಿಗಳ ಸಂಗಮದ ಮೊಪ್ತಿ ಪಟ್ಟಣ ಆ ವ್ಯಾಪಾರವನ್ನು ಸೆಳೆದುಕೊಂಡಿತು ಅನ್ನೋ ಸಾಲು ಸೇರಿಸಿ.